ಇಂಡಿಕೇಟರ್ ಅವಸರ ಮಾಡುತ್ತಿದೆಯೇ? ಒಂದು ಬಲ್ಬ್ ನೋಡಿ

ಎಡಕ್ಕೆ ಇಂಡಿಕೇಟರ್ ಹಾಕಿದರೆ ಎಂದಿನಂತೆ ಟಿಕ್... ಟಿಕ್... ಟಿಕ್. ಬಲಕ್ಕೆ ಹಾಕಿದರೆ ಟಿಕ್‌ಟಿಕ್‌ಟಿಕ್‌ಟಿಕ್, ಕೊನೆಯ ಬಸ್ಸು ತಪ್ಪಿಹೋಗುತ್ತದೆ ಎಂದು ಓಡುವವರ ಹಾಗೆ. ನಮ್ಮ ಮನೆಯ ಹಳೆಯ ಹ್ಯಾಚ್‌ಬ್ಯಾಕ್ ಹೀಗೆ ಶುರು ಮಾಡಿದಾಗ ಸ್ಟೇರಿಂಗ್ ಪಕ್ಕದ ಸ್ವಿಚ್ಚೇ ಕೆಟ್ಟಿರಬೇಕು ಅಂದುಕೊಂಡೆ. ಒಂದು ಗ್ಯಾರೇಜಿನಲ್ಲಿ "ರಿಲೇ ಹೋಗಿರ್ಬೇಕು, ವೈರಿಂಗ್ ನೋಡ್ಬೇಕು, ಗಾಡಿ ಬಿಟ್ಟು ಹೋಗಿ" ಅಂದರು. ಬಿಟ್ಟು ಬರುವಷ್ಟು ಪುರುಸೊತ್ತು ಇರಲಿಲ್ಲ. ಸಂಜೆ ಮನೆ ಮುಂದೆ ನಿಲ್ಲಿಸಿ, ಇಂಡಿಕೇಟರ್ ಹಾಕಿ ಹಿಂದೆ ಹೋಗಿ ನೋಡಿದರೆ ಬಲಗಡೆಯ ಹಿಂದಿನ ಬಲ್ಬು ಉರಿಯುತ್ತಲೇ ಇರಲಿಲ್ಲ. ಅಷ್ಟೇ ವಿಷಯ.

ಬಲ್ಬ್ ಬದಲಿಸಲು ಹದಿನೈದು ನಿಮಿಷ ಹಿಡಿಯಿತು. ಅದರಲ್ಲಿ ಹತ್ತು ನಿಮಿಷ ಲ್ಯಾಂಪಿನ ಪ್ಲಾಸ್ಟಿಕ್ ಎಲ್ಲಿ ಮುರಿಯುತ್ತದೋ ಎಂಬ ಹೆದರಿಕೆಯಲ್ಲೇ ಹೋಯಿತು. ಕೈಯ ಕೆಲಸ ಇಲ್ಲಿ ಕಡಿಮೆ. ಯಾವ ಬಲ್ಬ್ ಹೋಗಿದೆ, ಯಾವ ಬಲ್ಬ್ ತರಬೇಕು ಅನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಟಿಕ್ ಟಿಕ್ ಯಾಕೆ ಜೋರಾಗುತ್ತದೆ?

ಸಾಮಾನ್ಯ ಬಲ್ಬಿನ ಕಾರಿನಲ್ಲಿ ಒಂದು ಬದಿಗೆ ಮೂರು ಇಂಡಿಕೇಟರ್ ಇರುತ್ತವೆ. ಮುಂದೆ ಒಂದು, ಹಿಂದೆ ಒಂದು, ಬದಿಯಲ್ಲಿ ಒಂದು ಪುಟ್ಟದು. ಮುಂದಿನದು, ಹಿಂದಿನದು ಹೆಚ್ಚಾಗಿ 21 ವ್ಯಾಟ್. ಬದಿಯದು 5 ವ್ಯಾಟ್. ಒಟ್ಟು 47 ವ್ಯಾಟ್. 12 ವೋಲ್ಟಿನ ಬ್ಯಾಟರಿಗೆ ಲೆಕ್ಕ ಹಾಕಿದರೆ ಸುಮಾರು 3.9 ಆಂಪಿಯರ್ ಕರೆಂಟು ಹರಿಯಬೇಕು.

ಈ ಕರೆಂಟನ್ನು ಕೊಟ್ಟು, ಕಡಿದು, ಮತ್ತೆ ಕೊಡುವುದು ಫ್ಲಾಶರ್ ರಿಲೇ. ಇದು ಸುಮ್ನೆ ಆನ್ ಆಫ್ ಮಾಡುವ ಯಂತ್ರ ಅಲ್ಲ. ತನ್ನ ಮೂಲಕ ಎಷ್ಟು ಕರೆಂಟು ಹೋಗುತ್ತಿದೆ ಎಂದು ಲೆಕ್ಕವನ್ನೂ ಇಡುತ್ತದೆ. ಒಂದು 21 ವ್ಯಾಟಿನ ಬಲ್ಬ್ ಹೋದರೆ ಉಳಿಯುವುದು 26 ವ್ಯಾಟ್, ಅಂದರೆ ಸುಮಾರು 2.2 ಆಂಪಿಯರ್. ಕರೆಂಟು ಇಷ್ಟು ಇಳಿದದ್ದು ಗೊತ್ತಾದ ತಕ್ಷಣ ರಿಲೇ ತನ್ನ ವೇಗವನ್ನು ಹೆಚ್ಚು ಕಡಿಮೆ ಎರಡು ಪಟ್ಟು ಮಾಡುತ್ತದೆ. ಹಿಂದಿನ ಬಲ್ಬು ಓಡಿಸುವವರಿಗೆ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಕಿವಿಗೆ ಕೇಳುವ ಹಾಗೆ ಹೇಳುತ್ತದೆ. ಅಂದರೆ ಈ ಅವಸರ ಕೆಟ್ಟುಹೋದ ರಿಲೇಯ ಲಕ್ಷಣ ಅಲ್ಲ, ಚೆನ್ನಾಗಿ ಕೆಲಸ ಮಾಡುತ್ತಿರುವ ರಿಲೇಯ ಲಕ್ಷಣ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆಯೂ 120ಕ್ಕಿಂತ ಜಾಸ್ತಿಯೂ ಮಿನುಗಬಾರದು. ಬಣ್ಣ ಅಂಬರ್, ನಮ್ಮ ಮಾತಿನಲ್ಲಿ ಕಿತ್ತಳೆ ಮಿಶ್ರಿತ ಹಳದಿ. ಹದಿನೈದು ಸೆಕೆಂಡು ಎಣಿಸಿ ನೋಡಿ. ಮೂವತ್ತು ದಾಟಿದರೆ ಏನೋ ಎಡವಟ್ಟಾಗಿದೆ.

ತುಂಬ ಹಳೆಯ ಕಾರುಗಳಲ್ಲಿ ಕಥೆ ಬೇರೆ. ಆಗಿನ ಫ್ಲಾಶರಿನಲ್ಲಿ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತಿತ್ತು. ಕರೆಂಟು ಹರಿದು ಬಿಸಿಯಾದರೆ ಅದು ಬಾಗಿ ಸಂಪರ್ಕ ಬಿಡುತ್ತಿತ್ತು, ತಣ್ಣಗಾದರೆ ಮತ್ತೆ ಕೂಡುತ್ತಿತ್ತು. ಒಂದು ಬಲ್ಬ್ ಹೋದರೆ ಪಟ್ಟಿ ಬೇಕಾದಷ್ಟು ಬಿಸಿಯಾಗದೆ, ಇಂಡಿಕೇಟರ್ ತೀರಾ ನಿಧಾನ ಆಗುತ್ತಿತ್ತು ಅಥವಾ ಮಿನುಗದೆ ಸುಮ್ನೆ ಉರಿಯುತ್ತಾ ನಿಂತುಬಿಡುತ್ತಿತ್ತು. ಟಿಕ್ ಶಬ್ದ ಹುಟ್ಟಿದ್ದೂ ಈ ಸಂಪರ್ಕ ಕೂಡಿ ಬಿಡುವುದರಿಂದಲೇ. ಈಗಿನ ಎಷ್ಟೋ ಕಾರುಗಳಲ್ಲಿ ಟಿಕ್ ಅನ್ನುವ ರಿಲೇಯೇ ಇಲ್ಲ, ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಬೋರ್ಡು. ಆದರೂ ಜನರಿಗೆ ಅಭ್ಯಾಸ ಆಗಿದೆ ಎಂದು ಪುಟ್ಟ ಸ್ಪೀಕರಿನಿಂದ ಆ ಹಳೆಯ ಶಬ್ದವನ್ನೇ ಕೇಳಿಸುತ್ತಾರೆ. ನನಗೇನೋ ಅದು ಇಷ್ಟ.

ಯಾವ ಬಲ್ಬ್ ಹೋಗಿದೆ?

ಹಜಾರ್ಡ್ ಲೈಟ್, ಅಂದರೆ ಎರಡೂ ಬದಿಯ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಸ್ವಿಚ್, ಹಾಕಿ ಕಾರಿಗೆ ಒಂದು ಸುತ್ತು ಬಂದರೆ ಗೊತ್ತಾಗಿಬಿಡುತ್ತದೆ. ಆದರೆ ಒಂದು ಮಾತು. ಕೆಲವು ಕಾರುಗಳಲ್ಲಿ ಹಜಾರ್ಡ್ ಹಾಕಿದಾಗ ಬಲ್ಬ್ ಹೋಗಿದ್ದರೂ ವೇಗ ಬದಲಾಗುವುದಿಲ್ಲ. ಹಾಗಾಗಿ ಹಜಾರ್ಡ್ ಸರಿಯಾಗಿ ಟಿಕ್ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ಕಣ್ಣಿಂದಲೇ ನೋಡಿ. ಬದಿಯ 5 ವ್ಯಾಟಿನ ಬಲ್ಬ್ ಹೋದಾಗಲೂ ಹೀಗೇ. 47ರಲ್ಲಿ 5 ಕಳೆದರೆ ರಿಲೇಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಕಾರಿನ ಒಂದು ಬದಿಯ ಪುಟ್ಟ ಇಂಡಿಕೇಟರ್ ಎಷ್ಟು ತಿಂಗಳಿಂದ ಸತ್ತಿತ್ತೋ ದೇವರಿಗೇ ಗೊತ್ತು. ಈ ಸುತ್ತು ಹಾಕಿದಾಗಲೇ ಕಂಡದ್ದು.

ಎರಡೂ ಬದಿ ಪೂರ್ತಿ ಸತ್ತಿದ್ದರೆ ಅದು ಬಲ್ಬಿನ ತಕರಾರು ಅಲ್ಲ. ಆರು ಬಲ್ಬು ಒಟ್ಟಿಗೆ ಹೋಗುವುದಿಲ್ಲ. ಫ್ಯೂಸ್, ರಿಲೇ ಅಥವಾ ಹಜಾರ್ಡ್ ಸ್ವಿಚ್ ನೋಡಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ, ಅಥವಾ ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟು ಮಿನುಗಿದರೆ ಅರ್ಥಿಂಗ್ ಹೋಗಿದೆ. ವಾಪಸ್ ಹೋಗಬೇಕಾದ ಕರೆಂಟಿಗೆ ತನ್ನ ದಾರಿ ತುಕ್ಕು ಹಿಡಿದು ಮುಚ್ಚಿದ್ದರಿಂದ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತಿರುತ್ತದೆ. ಮಳೆ ಜಾಸ್ತಿ ಇರುವ ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಇದನ್ನು ಮರೆಯಬೇಡಿ.

ಅಂಗಡಿಗೆ ಹೋಗುವ ಮೊದಲು

"ಇಂಡಿಕೇಟರ್ ಬಲ್ಬ್ ಕೊಡಿ" ಎಂದರೆ ಅಂಗಡಿಯವರು "ಯಾವುದು?" ಅಂತ ಕೇಳೇ ಕೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಂತೂ ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ತಡವರಿಸಲು ಸಮಯ ಇರುವುದಿಲ್ಲ. ಹಳೆಯ ಬಲ್ಬನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ. ಅದರ ಲೋಹದ ಬುಡದ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು ಕೊರೆದಿರುತ್ತಾರೆ. ಕಾರಿನ ಜೊತೆ ಬಂದ ಪುಸ್ತಕದ ಕೊನೆಯಲ್ಲೂ ಬಲ್ಬುಗಳ ಪಟ್ಟಿ ಇರುತ್ತದೆ.

ಹೆಚ್ಚಾಗಿ ಕಾಣುವುದು ಪಿವೈ 21 ಡಬ್ಲ್ಯೂ. ಇಲ್ಲಿ 21 ಅಂದರೆ ವ್ಯಾಟ್, ವೈ ಅಂದರೆ ಬಣ್ಣ, ಗಾಜೇ ಅಂಬರ್ ಆಗಿರುತ್ತದೆ. ವೈ ಇಲ್ಲದೆ ಬರೀ ಪಿ 21 ಡಬ್ಲ್ಯೂ ಅಂತಿದ್ದರೆ ಬಿಳಿ ಗಾಜು. ಹಳೆಯ ಕಾರುಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಮುಚ್ಚಳವೇ ಕಿತ್ತಳೆ ಬಣ್ಣದ್ದು, ಒಳಗೆ ಬಿಳಿ ಬಲ್ಬ್ ಸಾಕಿತ್ತು. ಆಮೇಲೆ ಮುಚ್ಚಳ ಪಾರದರ್ಶಕ ಆಯಿತು, ಬಣ್ಣ ಬಲ್ಬಿಗೆ ಬಂತು.

ಇಲ್ಲಿ ಒಂದು ಜಾಣತನ ಇದೆ. ಈ ಬಲ್ಬಿನ ಬುಡದ ಎರಡು ಬದಿಗೆ ಎರಡು ಪುಟ್ಟ ಮೊಳೆಗಳಂಥ ಪಿನ್ ಇರುತ್ತವೆ. ಬಿಳಿ ಬಲ್ಬಿನಲ್ಲಿ ಅವು ಒಂದಕ್ಕೊಂದು ನೇರ ಎದುರು, ಅಂದರೆ 180 ಡಿಗ್ರಿ. ಅಂಬರ್ ಬಲ್ಬಿನಲ್ಲಿ ಬೇಕೆಂದೇ ಓರೆ ಮಾಡಿ 150 ಡಿಗ್ರಿಗೆ ಇಟ್ಟಿದ್ದಾರೆ. ಪಾರದರ್ಶಕ ಮುಚ್ಚಳದ ಹಿಂದೆ ಯಾರಾದರೂ ಬಿಳಿ ಬಲ್ಬ್ ಹಾಕಿಬಿಟ್ಟರೆ ಇಂಡಿಕೇಟರ್ ಬಿಳಿಯಾಗಿ ಮಿನುಗಿ ಎದುರಿನವರು ಗಲಿಬಿಲಿಯಾಗುತ್ತಾರೆ. ಅದಕ್ಕೇ ಅದು ಕೂರಲೇಬಾರದು ಎಂದು ಈ ಏರ್ಪಾಡು. ಹೊಸ ಬಲ್ಬ್ ಹೋಲ್ಡರಿನಲ್ಲಿ ಕೂರುತ್ತಿಲ್ಲ ಎಂದು ಒಬ್ಬರು ಇಕ್ಕಳದಿಂದ ಪಿನ್ನನ್ನೇ ಕಿತ್ತು ಹಾಕಿದ್ದನ್ನು ನೋಡಿದ್ದೇನೆ. ಬಲ್ಬ್ ಕೂರದಿದ್ದರೆ ನೀವು ತಂದದ್ದೇ ತಪ್ಪು ಬಲ್ಬ್.

ಪಿ 21/5 ಡಬ್ಲ್ಯೂ ಎಂಬ ಇನ್ನೊಬ್ಬ ಅಣ್ಣತಮ್ಮ ಇದ್ದಾನೆ. ಒಂದೇ ಗಾಜಿನೊಳಗೆ ಎರಡು ತಂತಿ, ಒಂದು ಬ್ರೇಕಿಗೆ, ಒಂದು ಪಾರ್ಕಿಂಗಿಗೆ. ಅಡಿಯಲ್ಲಿ ಎರಡು ಚುಕ್ಕೆ, ಪಿನ್ನುಗಳು ಬೇರೆ ಬೇರೆ ಎತ್ತರದಲ್ಲಿ. ಅದು ಇಂಡಿಕೇಟರಿನದಲ್ಲ. ಇನ್ನು ಕೆಲವು ಕಾರುಗಳಲ್ಲಿ ಲೋಹದ ಬುಡವೇ ಇಲ್ಲದ, ಗಾಜನ್ನೇ ಚಪ್ಪಟೆ ಮಾಡಿದ ಡಬ್ಲ್ಯೂವೈ 21 ಡಬ್ಲ್ಯೂ ಇರುತ್ತದೆ. ಬದಿಯ ಪುಟ್ಟ ಬಲ್ಬ್ ಕೂಡ ಇದೇ ಜಾತಿ, ಡಬ್ಲ್ಯೂವೈ 5 ಡಬ್ಲ್ಯೂ. ಇವನ್ನು ತಿರುಗಿಸುವುದಿಲ್ಲ, ನೇರ ಎಳೆಯುವುದು, ನೇರ ಒತ್ತುವುದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಹೆಸರುಗಳು ಹೆಚ್ಚು ಉಪಯೋಗಕ್ಕೆ ಬರಲಿಕ್ಕಿಲ್ಲ. ಅಲ್ಲಿ 1157, 3157, 7443 ಇಂಥ ನಂಬರಿನಲ್ಲೇ ವ್ಯವಹಾರ. ಅಲ್ಲಿ ಹಿಂದಿನ ಇಂಡಿಕೇಟರ್ ಕೆಂಪಾಗಿದ್ದರೂ ನಡೆಯುತ್ತದೆ, ಎಷ್ಟೋ ಕಾರುಗಳಲ್ಲಿ ಬ್ರೇಕಿನ ಬಲ್ಬೇ ಇಂಡಿಕೇಟರ್ ಕೂಡ ಆಗಿ ದುಡಿಯುತ್ತದೆ. ಬಿಚ್ಚುವ ಹಾಕುವ ಕ್ರಮ ಮಾತ್ರ ಎಲ್ಲ ಕಡೆ ಒಂದೇ.

ಬಿಚ್ಚುವುದು

ಎಂಜಿನ್ ಆಫ್, ಕೀಲಿ ಹೊರಗೆ, ಇಂಡಿಕೇಟರ್ ಆಫ್. ಈಗಷ್ಟೇ ಉರಿದ ಬಲ್ಬ್ ಸುಡುತ್ತದೆ, ಐದು ನಿಮಿಷ ಬಿಡಿ.

ನಮ್ಮಲ್ಲಿ ಓಡುವ ಅನೇಕ ಚಿಕ್ಕ ಕಾರುಗಳಲ್ಲಿ ಹಿಂದಿನ ಲ್ಯಾಂಪು ಎರಡು ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಡಿಕ್ಕಿ ತೆರೆದರೆ ಲ್ಯಾಂಪಿನ ಒಳ ಅಂಚಿನಲ್ಲಿ ಕಾಣುತ್ತವೆ. ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಸಾಕು, ಕೆಲವಕ್ಕೆ 10ನೇ ನಂಬರ್ ಸ್ಪ್ಯಾನರ್ ಬೇಕು. ಬಿಚ್ಚುವ ಮೊದಲು ಕೆಳಗೆ ಒಂದು ಹಳೆಯ ಬಟ್ಟೆ ಹಾಸಿ. ಸ್ಕ್ರೂ ಜಾರಿ ಬಂಪರಿನ ಸಂದಿಗೆ ಬಿದ್ದರೆ ಹದಿನೈದು ನಿಮಿಷದ ಕೆಲಸ ಎರಡು ಗಂಟೆಗೆ ಹೋಗುತ್ತದೆ.

ಸ್ಕ್ರೂ ತೆಗೆದರೂ ಲ್ಯಾಂಪು ಅಲ್ಲಾಡುವುದಿಲ್ಲ. ಎಲ್ಲರೂ ಗಾಬರಿಯಾಗುವುದು ಇಲ್ಲೇ. ಇನ್ನೊಂದು ಬದಿಯಲ್ಲಿ ಗುಂಡು ತಲೆಯ ಪ್ಲಾಸ್ಟಿಕ್ ಮೊಳೆಗಳು ಬಾಡಿಯ ರಬ್ಬರ್ ಅಥವಾ ಪ್ಲಾಸ್ಟಿಕ್ ತೂತುಗಳಲ್ಲಿ ಕಚ್ಚಿ ಕೂತಿರುತ್ತವೆ. ಲ್ಯಾಂಪನ್ನು ಬದಿಗೆ ಬಾಗಿಲಿನ ಹಾಗೆ ತೆರೆಯಲು ಹೋದರೆ ಆ ಮೊಳೆ ಮುರಿಯುತ್ತದೆ. ಎರಡೂ ಅಂಗೈಯಿಂದ ಹಿಡಿದು ಕಾರಿನ ಹಿಂಬದಿಗೆ ನೇರವಾಗಿ ಎಳೆಯಬೇಕು. ಹಲಸಿನ ತೊಳೆ ಬಿಡಿಸುವಾಗಿನ ಹದ. ಮೊದಲು ಬರುವುದಿಲ್ಲ, ಆಮೇಲೆ ಪಟ್ ಅಂತ ಬಂದುಬಿಡುತ್ತದೆ. ಒಂದು ಕೈ ಸಿದ್ಧವಾಗಿರಲಿ, ಇಲ್ಲದಿದ್ದರೆ ವೈರಿನಲ್ಲಿ ಜೋತು ಬೀಳುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆಯಾದರೆ ತಡೆದುಕೊಳ್ಳಿ. ಪೇಂಟಿಗೆ ಗಾಯ ಗ್ಯಾರಂಟಿ.

ಲ್ಯಾಂಪಿನ ಬೆನ್ನಿಗೆ ಎರಡು ಮೂರು ಹೋಲ್ಡರ್ ಕಾಣುತ್ತವೆ. ಇಂಡಿಕೇಟರಿನದು ಯಾವುದು ಎಂದು ಮುಂದಿನಿಂದ ನೋಡಿ ಗುರುತಿಸಿಕೊಳ್ಳಿ. ಹೋಲ್ಡರನ್ನು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ, ಕಾಲು ಸುತ್ತೂ ಬೇಡ, ಹೊರಗೆ ಬರುತ್ತದೆ. ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಒಳಕ್ಕೆ ಒತ್ತಿ, ಒತ್ತಿಕೊಂಡೇ ಎಡಕ್ಕೆ ತಿರುಗಿಸಿ, ಬಿಡಿ. ಕೆಳಗಿನ ಸ್ಪ್ರಿಂಗೇ ಅದನ್ನು ಮೇಲಕ್ಕೆ ತಳ್ಳುತ್ತದೆ. ಮನೆಯ ಹಳೆಯ ಪಿನ್ ಬಲ್ಬ್ ಬದಲಿಸಿದ ಕೈಗೆ ಇದನ್ನು ಕಲಿಸಬೇಕಾಗಿಲ್ಲ.

ತೆಗೆದ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ತಂತಿ ಟಂಗ್‌ಸ್ಟನ್. ಉರಿಯುವಾಗ ಅದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಜಿನ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಗಾಜಿನ ಮೇಲೆ ಕಪ್ಪು ಬೆಳ್ಳಿಯ ಛಾಯೆ ಕಂಡರೆ ಬಲ್ಬ್ ವಯಸ್ಸಾಗಿ ಸತ್ತಿದೆ. ಒಳಗೆ ಬಿಳಿ ಬೂದಿಯಂತಿದ್ದರೆ ಗಾಜಿನಲ್ಲಿ ಕಾಣದ ಬಿರುಕು ಬಿಟ್ಟು ಗಾಳಿ ಹೋಗಿದೆ, ಟಂಗ್‌ಸ್ಟನ್ ಸುಟ್ಟಿದೆ. ಸಾಮಾನ್ಯವಾಗಿ ಬಲ್ಬ್ ಹೋಗುವುದು ಹೊತ್ತಿಕೊಳ್ಳುವ ಕ್ಷಣದಲ್ಲಿ. ತಣ್ಣನೆಯ ತಂತಿಯ ತಡೆ ಬಿಸಿ ತಂತಿಯ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಹಾಗಾಗಿ ಮೊದಲ ಗಳಿಗೆಯಲ್ಲಿ ಕರೆಂಟು ನುಗ್ಗುತ್ತದೆ. ಸವೆದು ಸಣ್ಣಗಾದ ಜಾಗ ಅದನ್ನು ತಡೆಯಲಾರದೆ ಕಡಿಯುತ್ತದೆ. ಇಂಡಿಕೇಟರ್ ಬಲ್ಬಿನ ಕೆಲಸವೇ ನಿಮಿಷಕ್ಕೆ ತೊಂಬತ್ತು ಸಲ ಆರಿ ಹೊತ್ತುವುದು. ಜೊತೆಗೆ ನಮ್ಮ ರಸ್ತೆಯ ಗುಂಡಿಗಳು. ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ತಂತಿ ಗಟ್ಟಿಯಾಗಿಯೇ ಇದ್ದರೆ? ಆಗ ತಪ್ಪು ಬಲ್ಬಿನದಲ್ಲ. ಮೀಟರ್ ಗೀಟರ್ ಇಲ್ಲದವರಿಗೂ ಒಂದು ಪರೀಕ್ಷೆ ಇದೆ. ಎಡಗಡೆಯ ಬಲ್ಬ್ ತೆಗೆದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಕತ್ತಲೆ ಬಲ್ಬಿನ ಜೊತೆ ಎಡಕ್ಕೆ ಹೋದರೆ ಬಲ್ಬ್ ಕೆಟ್ಟಿದೆ. ಬಲಕ್ಕೇ ಉಳಿದರೆ ಹೋಲ್ಡರ್ ಅಥವಾ ವೈರು. ಹೋಲ್ಡರಿನೊಳಗೆ ಹಸಿರು ಕಿಲುಬು ಇದ್ದರೆ ನಯವಾದ ಉಪ್ಪುಕಾಗದವನ್ನು ಪೆನ್ಸಿಲ್ಲಿಗೆ ಸುತ್ತಿ ಉಜ್ಜಿ, ತುದಿಯ ಹಿತ್ತಾಳೆ ನಾಲಿಗೆ ಕುಸಿದಿದ್ದರೆ ಸ್ವಲ್ಪ ಮೇಲಕ್ಕೆತ್ತಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಹೋಲ್ಡರನ್ನೇ ಬದಲಿಸಬೇಕು, ಅದನ್ನು ಉಜ್ಜಿ ಪ್ರಯೋಜನ ಇಲ್ಲ.

ಹಾಕುವುದು

ಬಂದ ದಾರಿಯಲ್ಲೇ ವಾಪಸ್. ಪಿನ್ ಹೊಂದಿಸಿ, ಒತ್ತಿ, ಬಲಕ್ಕೆ ತಿರುಗಿಸಿ. ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ. ಹೆಡ್‌ಲೈಟಿನ ಹ್ಯಾಲೋಜನ್ ಬಲ್ಬನ್ನು ಕೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಕಡೆ ಅದು ಹಾಳಾಗುತ್ತದೆ. ಸಾಮಾನ್ಯ ಇಂಡಿಕೇಟರ್ ಬಲ್ಬಿಗೆ ಅಷ್ಟು ಮಡಿ ಬೇಕಿಲ್ಲ, ಮುಟ್ಟಿದರೆ ಬಟ್ಟೆಯಲ್ಲಿ ಒರೆಸಿದರಾಯಿತು.

ಲ್ಯಾಂಪನ್ನು ಒತ್ತಿ ಕೂರಿಸುವ ಮೊದಲೇ ಇಂಡಿಕೇಟರ್ ಹಾಕಿ ನೋಡಿ. ಈ ಒಂದು ಬುದ್ಧಿ ನನಗೆ ಎರಡನೇ ಸಲ ಎಲ್ಲ ಬಿಚ್ಚಿದ ಮೇಲೆ ಬಂತು. ಹಿಂಬದಿಯ ರಬ್ಬರ್ ಪಟ್ಟಿ ಮಡಚಿಕೊಳ್ಳದೆ ಕೂತಿದೆಯಾ ಅಂತಲೂ ನೋಡಿ. ಅದು ಸರಿದರೆ ಮಳೆಗಾಲದಲ್ಲಿ ಡಿಕ್ಕಿಗೆ, ಲ್ಯಾಂಪಿನೊಳಗೆ ನೀರು. ಸ್ಕ್ರೂ ಬಿಗಿಯಾದರೆ ಸಾಕು, ತೋಳಿನ ಬಲ ತೋರಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಮುಂದಿನ ಇಂಡಿಕೇಟರಿಗೆ ಬಾನೆಟ್ ತೆರೆದು ಹೆಡ್‌ಲೈಟಿನ ಹಿಂದೆ ಕೈ ಹಾಕಬೇಕು. ಹೋಲ್ಡರ್ ಅದೇ ತರಹ ತಿರುಗುತ್ತದೆ. ಜಾಗ ಮಾತ್ರ ಇಕ್ಕಟ್ಟು, ಕಾಣದೆ ಬೆರಳಿಂದಲೇ ತಡವಿ ಮಾಡುವ ಕೆಲಸ. ಕೆಲವು ಕಾರುಗಳಲ್ಲಿ ಬ್ಯಾಟರಿ ಸರಿಸಬೇಕು, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಡಚಬೇಕು, ಇನ್ನು ಕೆಲವಕ್ಕೆ ಬಂಪರೇ ಬಿಚ್ಚಬೇಕು. ಪುಸ್ತಕದಲ್ಲಿ ಬಂಪರ್ ಎಂಬ ಮಾತು ಕಂಡರೆ ಗ್ಯಾರೇಜಿಗೆ ಹೋಗಿ, ಅದರಲ್ಲಿ ಅವಮಾನ ಏನಿಲ್ಲ.

ಎಲ್‌ಇಡಿ ಹಾಕಿಬಿಡಲಾ?

ಅಂಗಡಿಯಲ್ಲಿ ಈ ಆಸೆ ಹುಟ್ಟಿಸುತ್ತಾರೆ. "ಸರ್, ಲೈಫ್ ಟೈಮ್ ಬರುತ್ತೆ." ಎಲ್‌ಇಡಿ ಎಳೆಯುವ ಕರೆಂಟು ತೀರಾ ಕಡಿಮೆ. ನಿಮ್ಮ ರಿಲೇ ಹಳೆಯ ಲೆಕ್ಕದ್ದು. ಅದು ಬಲ್ಬ್ ಹೋಗಿದೆ ಎಂದೇ ತಿಳಿದು ಮತ್ತೆ ಟಿಕ್‌ಟಿಕ್‌ಟಿಕ್ ಶುರು ಮಾಡುತ್ತದೆ. ಅದಕ್ಕೆ ಪರಿಹಾರವಾಗಿ 6 ಓಮ್‌ನ ರೆಸಿಸ್ಟರ್ ಒಂದನ್ನು ಕಟ್ಟುತ್ತಾರೆ. ಲೆಕ್ಕ ಹಾಕಿ: 12 ವೋಲ್ಟಿಗೆ ಅದು 24 ವ್ಯಾಟನ್ನು ಸುಮ್ನೆ ಶಾಖ ಮಾಡಿ ಕಳೆಯುತ್ತದೆ. ಕರೆಂಟು ಉಳಿಸುವ ಬಲ್ಬ್ ತಂದು, ಉಳಿದದ್ದನ್ನು ಸುಡಲು ಒಲೆ ಕಟ್ಟಿದ ಹಾಗೆ. ಆ ರೆಸಿಸ್ಟರ್ ಪ್ಲಾಸ್ಟಿಕ್ ಕರಗುವಷ್ಟು ಬಿಸಿಯಾಗಬಲ್ಲದು. ಜೊತೆಗೆ ಒಳಗಿನ ಕನ್ನಡಿ ಬಟ್ಟಲನ್ನು ತಂತಿ ಉರಿಯುವ ಜಾಗಕ್ಕೆ ಹೊಂದಿಸಿ ಮಾಡಿರುತ್ತಾರೆ, ಎಲ್‌ಇಡಿಯ ಬೆಳಕು ಅಲ್ಲಿಂದಲೇ ಹೊರಡುವುದಿಲ್ಲ. ನನ್ನ ಮಟ್ಟಿಗೆ ಇದು ಬೇಡದ ಉಸಾಬರಿ. ಕಾರ್ಖಾನೆಯಿಂದಲೇ ಎಲ್‌ಇಡಿ ಇಂಡಿಕೇಟರ್ ಬಂದ ಕಾರಿನ ಮಾತು ಬೇರೆ, ಅಲ್ಲಿ ಎಲ್ಲವನ್ನೂ ಅದಕ್ಕೇ ಹೊಂದಿಸಿರುತ್ತಾರೆ. ಆದರೆ ಅಂಥ ಬಹಳಷ್ಟು ಕಾರುಗಳಲ್ಲಿ ಬಲ್ಬ್ ಬದಲಿಸುವ ಪ್ರಶ್ನೆಯೇ ಇಲ್ಲ. ಹೋದರೆ ಇಡೀ ಲ್ಯಾಂಪೇ ಹೋಯಿತು, ಬಿಲ್ಲೂ ಹಾಗೇ ಬರುತ್ತದೆ.

ಹೊಸ ಬಲ್ಬ್ ಹಾಕಿದ ಮೇಲೂ ಅವಸರ ನಿಲ್ಲದಿದ್ದರೆ ವ್ಯಾಟ್ ನೋಡಿ. 21ರ ಜಾಗಕ್ಕೆ 10 ವ್ಯಾಟಿನದು ಬಂದಿರಬಹುದು, ಕೆಲವು ಬೈಕಿನ ಇಂಡಿಕೇಟರ್ ಬಲ್ಬ್ 10 ವ್ಯಾಟಿನದು. ಇಲ್ಲದಿದ್ದರೆ ಹೋಲ್ಡರಿನ ಸಂಪರ್ಕ ಇನ್ನೂ ಸಡಿಲ. ಬಣ್ಣ ಮಾಸಿದ ಹಳೆಯ ಅಂಬರ್ ಬಲ್ಬ್ ಇನ್ನೊಂದು ಬದಿಯಲ್ಲಿದ್ದರೆ ಅದನ್ನೂ ಈಗಲೇ ಬದಲಿಸುವುದು ಒಳ್ಳೆಯದು. ಮೇಲಿನ ಲೇಪ ಚಕ್ಕೆ ಎದ್ದರೆ ಬೆಳಕು ಬಿಳಿಚಿಕೊಳ್ಳುತ್ತದೆ, ಎರಡೂ ಒಂದೇ ವಯಸ್ಸಿನವು ಬೇರೆ.

ನಾನು ಅವತ್ತು ಎರಡು ಬಲ್ಬ್ ತಂದಿದ್ದೆ. ಉಳಿದದ್ದನ್ನು ಹಳೆಯ ಕಾಲುಚೀಲದಲ್ಲಿ ಸುತ್ತಿ ಸ್ಟೆಪ್ನಿ ಪಕ್ಕ ಇಟ್ಟಿದ್ದೇನೆ, ಜೊತೆಗೆ ಆ ಸ್ಟಾರ್ ಸ್ಕ್ರೂಡ್ರೈವರ್ ಕೂಡ.